ಗುಳಿಗೆ ಡಬ್ಬಿಯ ಬಾಯಿಗಿಟ್ಟ ಹತ್ತಿ

ಗುಳಿಗೆ ಡಬ್ಬಿಯ ಮುಚ್ಚಳ ತೆಗೆದರೆ ಮೊದಲು ಕೈಗೆ ಸಿಗುವುದು ಗುಳಿಗೆಯಲ್ಲ, ಒಂದು ಚಿಟಿಕೆ ಹತ್ತಿ. ನೀವು ಅದನ್ನು ಎಸೆದು ಗುಳಿಗೆ ನುಂಗುತ್ತೀರಿ. ನಾನು ಮಾತ್ರ ಅದನ್ನು ಬೆಳಕಿಗೆ ಹಿಡಿದು, ಎಳೆ ಬಿಡಿಸಿ, ‘ಛೇ, ಜೀವವಿಲ್ಲದ ಹತ್ತಿ’ ಎಂದು ಮರುಗುತ್ತೇನೆ. ಸವಣೂರಿನಲ್ಲಿ ಗಾದಿ ಹೊಲಿಯುವವನ ಕಣ್ಣು ಇನ್ನೇನನ್ನು ನೋಡೀತು? ನಾಲ್ಕನೆಯ ಇಯತ್ತೆಗೇ ಸಾಲೆಗೆ ಶರಣೆಂದವನು ನಾನು. ವಿದ್ಯೆ ತಲೆಗೆ ಹತ್ತಲಿಲ್ಲ, ಹತ್ತಿ ಕೈಗೆ ಹತ್ತಿತು. ಅಂದಿನಿಂದ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ನನ್ನ ಗಾದಿಯ ಮೇಲೆ ಗೊರಕೆ ಹೊಡೆಯದ ಊರಿಲ್ಲ ಎಂದು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ಸಂಕೋಚವಿಲ್ಲ.

ಇಂಥ ನಿದ್ರಾದಾನಿಯ ಮೇಲೆಯೇ ನಿದ್ದೆ ಮುನಿಸಿಕೊಂಡಿತು. ಶಿಗ್ಗಾವಿಗೆ ಫೋಮ್ ಗಾದಿ ಬಂದ ಮೇಲೆ ಗಿರಾಕಿ ಹೋದರು, ಅವರ ಹಿಂದೆ ನಿದ್ದೆ ಹೋಯಿತು, ನಿದ್ದೆಯ ಹಿಂದೆ ನಗುವೂ ಹೋಯಿತು. ಡಾಕ್ಟರರು ಟ್ರಿಪ್ಟೊಫಾನ್ ಎಂಬುದನ್ನು ಬರೆದುಕೊಟ್ಟರು.

“ಇದು ನಿದ್ದಿ ಗುಳಗಿ ಅಲ್ಲರಿ, ಅಮೈನೋ ಆಮ್ಲ. ಹಾಲಿನ್ಯಾಗ, ಶೇಂಗಾದಾಗ ಇರೂದ. ಮನಸಿಗೆ, ನಿದ್ದಿಗೆ ಆಸರ ಆಗಬಹುದು. ಎಲ್ಲಾರಿಗೂ ಆಗತೈತಿ ಅಂತಿಲ್ಲ. ನನ್ನ ಕೇಳದ ಬ್ಯಾರೆ ಗುಳಗಿ ಕೂಡಿಸಬ್ಯಾಡ್ರಿ.”

ಇಷ್ಟು ಭಾರಿ ಹೆಸರಿನ ಪದಾರ್ಥ ನಮ್ಮ ಶೇಂಗಾ ಚಟ್ನಿಯಲ್ಲಿ ಇಷ್ಟು ವರ್ಷ ಜಂಬವಿಲ್ಲದೆ ಕುಳಿತಿತ್ತಲ್ಲ ಎಂದು ನನಗೆ ಅದರ ಮೇಲೆ ಗೌರವವೇ ಹುಟ್ಟಿತು.

ಆದರೆ ಊರಿಗೆಲ್ಲ ನಿದ್ದೆ ಹೊಲಿದುಕೊಡುವವನು ತನ್ನ ನಿದ್ದೆಯನ್ನು ಡಬ್ಬಿಯಲ್ಲಿ ತಂದಿದ್ದಾನೆಂದು ತಿಳಿದರೆ ಉಳಿದ ಗಿರಾಕಿಗಳೂ ಉಳಿದಾರೇ? ಡಬ್ಬಿಯನ್ನು ಯಾರಿಗೂ ಕಾಣದಂತೆ ಹಿಂಜಿದ ಹತ್ತಿಯ ರಾಶಿಯಲ್ಲಿ ಅಡಗಿಸಿಟ್ಟೆ. ಇಟ್ಟದ್ದನ್ನು ಮರೆತು, ಅದೇ ಹತ್ತಿಯನ್ನು ಅದೇ ಕೈಯಿಂದ ದುಂಡಸಿಯ ನೀಲವ್ವ ಗೌಡತಿಯ ಗಾದಿಗೆ ತುಂಬಿ, ಹೊಲಿದು ಕಳಿಸಿದೆ. ಡಬ್ಬಿ ಹುಡುಕುತ್ತ ಮನೆಯನ್ನೆಲ್ಲ ತಲೆಕೆಳಗು ಮಾಡುತ್ತಿದ್ದಾಗ ಗೌಡತಿಯ ಫೋನು ಬಂತು: “ಇಮಾಮಸಾಬ್ರ, ಗಾದಿಯೊಳಗ ಏನ್ ಕಲ್ಲ್ ಇಟ್ಟೀರಿ? ಬೆನ್ನಿಗೆ ಒತ್ತಾಕತ್ತೈತಿ.”

ಸೂಜಿ, ದಾರ ಹಿಡಿದು ಬಸ್ಸು ಹತ್ತಿದೆ. ಗೌಡತಿಯ ಪಡಸಾಲೆಯಲ್ಲಿ ನೆರೆಹೊರೆಯ ಹೆಂಗಸರೆಲ್ಲ ಸೇರಿದ್ದರು. ಹೊಲಿಗೆ ಬಿಚ್ಚಿ ಕೈ ಹಾಕಿದರೆ ಡಬ್ಬಿ ಗಡಗಡ ಎನ್ನುತ್ತ ಹೊರಬಂತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ನೋಡ್ರಿ ಅತ್ತಿ, ಗಾದಿ ಮಾಡಾವರಿಗೇ ನಿದ್ದಿಲ್ಲ! ನಾ ಫೋಮ್ ತರೂಣು ಅಂದಿದ್ದೆ,” ಎಂದಳು ಸೊಸೆ.

ಗೌಡತಿ ನನ್ನತ್ತ ತಿರುಗಿದರು. “ನೀವ್ ನಿಮ್ಮ ಗಾದಿ ಮ್ಯಾಲ ಎಂದರ ಮಲಗೀರೇನು?”

“ಇಲ್ರಿ ಅವ್ವಾರ. ಗಿರಾಕಿ ಗಾದಿ ಮ್ಯಾಲ ನಾವು ಮೈ ಚೆಲ್ಲಂಗಿಲ್ಲ. ಮನ್ಯಾಗ ಚಾಪಿ.”

ನಿಜ. ಅಂಗೈಯಿಂದ ಒತ್ತಿ, ಮೊಣಕಾಲೂರಿ ನೋಡುವುದಷ್ಟೇ ನಮ್ಮ ಕಸುಬಿನ ಪದ್ಧತಿ. ಅದೂ ಈ ಸಲ ಡಬ್ಬಿಯನ್ನು ಹಿಡಿದುಕೊಡಲಿಲ್ಲ.

“ಹಂಗಾರ ಮದ್ಲ ಹೊಲೀರಿ, ಆಮ್ಯಾಲ ಮಲಗ್ರಿ. ಇನ್ನೂ ಏನರ ಒತ್ತತೈತೇನ್ ನಿಮ್ಮ ಬೆನ್ನ ಹೇಳ್ಲಿ!”

ಹೊಲಿದೆ. ಜನರ ಮುಂದೆ ನಾಚುತ್ತ ಮಲಗಿದೆ. ಹತ್ತಿ ನನ್ನನ್ನು ಹಗುರಾಗಿ ಎತ್ತಿಕೊಂಡಿತು. ಮುಂದಿನದನ್ನು ನಾನು ಹೇಳಲಾರೆ, ಏಕೆಂದರೆ ನಾನು ಅಲ್ಲಿರಲಿಲ್ಲ. ಎದ್ದಾಗ ಹೊತ್ತು ಇಳಿದಿತ್ತು, ಗೌಡತಿ ಬಾಗಿಲಲ್ಲಿ ಕುಳಿತು, “ಶ್! ಗಾದಿಯಾವ್ರು ಮಲಗ್ಯಾರ,” ಎಂದು ಬಂದವರನ್ನೆಲ್ಲ ಗದರಿಸುತ್ತಿದ್ದರು. ಫೋಮ್ ಎಂದಿದ್ದ ಸೊಸೆ ಚಹಾ ತಂದುಕೊಟ್ಟು, ಮೆಲ್ಲಗೆ, “ನಮ್ಮ ಖೋಲಿಗೂ ಒಂದು ಮಾಡ್ರಿ,” ಎಂದಳು. ಓಣಿಯ ಇನ್ನೆರಡು ಮನೆಗಳ ಹಳೆಯ ಗಾದಿಗಳನ್ನೂ ಹಿಂಜಿ ಹೊಸದು ಮಾಡಲು ಗಾಡಿಗೆ ಹೇರಿಸಿಕೊಂಡು, ದಂಡಯಾತ್ರೆ ಗೆದ್ದವನಂತೆ ಊರಿಗೆ ಮರಳಿದೆ.

ಮನೆಯಲ್ಲೂ ಗಾದಿ ಹಾಸಿಕೊಂಡ ಮೇಲೆ ರಾತ್ರಿಯ ನಿದ್ದೆಯೂ ಮರಳಿತು. ಅದು ಗುಳಿಗೆಯಿಂದ ಬಂದ ನಿದ್ದೆಯೋ, ಗಾದಿಯಿಂದ ಬಂದದ್ದೋ ಎಂದು ಡಾಕ್ಟರರನ್ನು ಕೇಳಿದೆ. “ಬಚ್ಚಿಡೂದು ಬಿಟ್ರಲ್ಲ, ಅದಕ್ಕೂ ಒಂದು ಪಾಲು ಕೊಡ್ರಿ,” ಎಂದು ನಕ್ಕರು.

ಈಗ ಮನೆಯಲ್ಲಿ ನನಗೂ ನಮ್ಮಾಕೆಗೂ ನನ್ನ ಕೈಯ ಗಾದಿಯೇ. ಡಬ್ಬಿ ಅಂಗಡಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕುಳಿತಿದೆ. ಅದರ ಬಾಯಿಗಿದ್ದ ಕಂಪನಿಯ ಹತ್ತಿಯನ್ನು ಮಾತ್ರ ತೆಗೆದು, ನಾನೇ ಹಿಂಜಿದ್ದನ್ನು ಇಟ್ಟಿದ್ದೇನೆ. ಗುಳಿಗೆಗಳೂ ಸ್ವಲ್ಪ ಸುಖವಾಗಿ ಮಲಗಲಿ.