ಬೀರುವಿನ ಕೀ ಕೊಡದ ಉಮಾಮಹೇಶ್ವರಿ

ಬೆಳಗಿನ ಆರೂವರೆ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದ ಉಮಾಮಹೇಶ್ವರಿ ಶಿವಮೊಗ್ಗದ ಪಾಲಿಟೆಕ್ನಿಕ್ ಒಂದರ ಲ್ಯಾಬಿನ ಬೀಗ ತೆಗೆಯುತ್ತಾರೆ. ಎಂಟಕ್ಕೆ ಕರೆಂಟು ಹೋಗುತ್ತದೆ, ಅಷ್ಟರೊಳಗೆ ಕೆಲಸ ಆಗಬೇಕು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಸಿರು ಹಲಗೆಯೊಂದರಿಂದ ಕಿತ್ತ ಎಲೆಕ್ಟ್ರಾನಿಕ್ ಚಿಪ್‌ನ ಲೋಹದ ಕಾಲುಗಳನ್ನು ಉಜ್ಜಿ, ಅದರ ಜಾಗದಲ್ಲಿ ಒತ್ತಿ ಕೂರಿಸಿ ಸ್ವಿಚ್ ಹಾಕುತ್ತಾರೆ. ಆರು ಕೆಂಪು ಅಂಕೆಗಳು ಹೊತ್ತಿಕೊಳ್ಳುತ್ತವೆ. "ಎದ್ಯಾ ಮಾರಾಯ" ಎಂದು ಅದಕ್ಕೇ ಹೇಳಿ, ಮುಂದಿನದಕ್ಕೆ ಕೈ ಹಾಕುತ್ತಾರೆ.

ಈ ಹಸಿರು ಹಲಗೆಗೆ ಇಲ್ಲಿ ಎಲ್ಲರೂ ಕಿಟ್ ಎನ್ನುತ್ತಾರೆ. ನೋಟ್‌ಬುಕ್ಕಿನಷ್ಟಗಲ, ಅದರ ಮೇಲೇ ಇಡೀ ಕಂಪ್ಯೂಟರು. ಪರದೆ ಇಲ್ಲ. ಅಂಕಿ, ಅಕ್ಷರಗಳ ಸಂಕೇತಗಳನ್ನು ಒಂದೊಂದಾಗಿ ಒತ್ತಿ ಪ್ರೋಗ್ರಾಂ ತುಂಬಬೇಕು. ಕರೆಂಟು ಹೋಯಿತೋ, ತುಂಬಿದ್ದೆಲ್ಲ ಮಾಯ. ನಮ್ಮೂರ ಕರೆಂಟಿಗೆ ಇಂಥ ಯಂತ್ರ ಸಿಕ್ಕರೆ ಇನ್ನೇನು ಬೇಕು! ಮಕ್ಕಳು ಅಳುಮುಖ ಮಾಡುವುದನ್ನು ನೋಡಿ ನೋಡಿಯೇ ಈಕೆ ಇಪ್ಪತ್ತೆರಡು ಪ್ರೋಗ್ರಾಂ ಬಾಯಿಪಾಠ ಮಾಡಿಕೊಂಡಿದ್ದಾರೆ.

ವಯಸ್ಸು ಮೂವತ್ತೊಂಬತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಹುದ್ದೆ ಅಟೆಂಡರ್. ಹಿಂದೆ ಭದ್ರಾವತಿಯ ಶೆಡ್ಡೊಂದರಲ್ಲಿ ಆರು ವರ್ಷ ರೇಡಿಯೊಗಳಿಗೆ ಬೆಸುಗೆ ಹಾಕಿದ ಕೈ ಇದು. ಲ್ಯಾಬಿನಲ್ಲಿ ಆ ಕೈಗೆ ಒಪ್ಪಿಸಿದ ಕೆಲಸ ಮಾತ್ರ ಧೂಳು ಒರೆಸುವುದು.

ಮೂರು ತಿಂಗಳ ಹಿಂದೆ, ಅಂದರೆ 2003ರ ಜನವರಿಯಲ್ಲಿ, ವಿಭಾಗದ ಮುಖ್ಯಸ್ಥ ಶಿವಶಂಕರಪ್ಪನವರು ಹದಿನೈದು ಕಿಟ್‌ಗಳಲ್ಲಿ ಹನ್ನೊಂದು ಕೆಟ್ಟಿವೆಯೆಂದು ಗುಜರಿ ಪಟ್ಟಿ ಬರೆದರು. ಉಳಿಯುವುದು ನಾಲ್ಕು, ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವವರು ಅರವತ್ತು ಮಕ್ಕಳು. ರಿಪೇರಿ ಮಾಡಿದ್ದೇನೆ, ಒಮ್ಮೆ ಸ್ವಿಚ್ ಹಾಕಿ ನೋಡಿ ಎಂದು ಉಮಾಮಹೇಶ್ವರಿ ಕೇಳಿಕೊಂಡರು. ಒರೆಸುವವರು ಒರೆಸಿದರೆ ಸಾಕು ಎಂಬ ಉತ್ತರ ಬಂತು. ಸರಿ, ಕಿಟ್‌ಗಳನ್ನಿಟ್ಟಿದ್ದ ಬೀರುವಿನ ಕೀಯನ್ನು ಈಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮೆಮೊ ಬಂತು. ಕೆಲಸ ಹೋದರೆ ಗತಿಯೇನು ಎಂದು ಮನೆಯವರು ಹೆದರಿದರು. ಈಕೆ ಬರೆದುಕೊಟ್ಟ ಉತ್ತರ ಎರಡೇ ಸಾಲು: "ಕೆಟ್ಟಿದ್ದನ್ನು ನಾನೇ ಹೊತ್ತು ಕೊಡುತ್ತೇನೆ. ಚೆನ್ನಾಗಿರುವುದನ್ನು ಕೊಡುವುದಿಲ್ಲ."

ಕೊನೆಗೆ ಕಿಟ್‌ಗಳನ್ನು ಪರೀಕ್ಷಿಸಲು ಮೂವರ ಸಮಿತಿ ಲ್ಯಾಬಿಗೆ ಬಂದು ಕೂತಿತು. ಈಕೆ ಪುಟ್ಟ ಮೋಟಾರು ತಿರುಗಿಸುವ ಪ್ರೋಗ್ರಾಂ ಒತ್ತತೊಡಗಿದರು. ಅರ್ಧದಲ್ಲಿ ಕರೆಂಟು ಹೋಯಿತು. ಸಮಿತಿಯವರಿಗೆ ಅಷ್ಟೇ ಸಾಕಾಗಿತ್ತು, ಕುರ್ಚಿ ಸರಿಸಿ ಎದ್ದರು.

"ಕೂತ್ಕೊಳ್ಳಿ ಸಾರ್," ಎಂದರು ಉಮಾಮಹೇಶ್ವರಿ. "ಹೋಗಿದ್ದು ಕರೆಂಟು. ನನ್ನ ತಲೇಲಿರೋದು ಹೋಗಿಲ್ಲ."

ಮುಕ್ಕಾಲು ಗಂಟೆ ಎಲ್ಲರೂ ಕಾದರು. ಕರೆಂಟು ಬಂದ ಮೇಲೆ ಈಕೆ ಪುಸ್ತಕ ಮುಟ್ಟದೆ ಮೊದಲಿಂದ ಒತ್ತಿದರು, ಮೋಟಾರು ತಿರುಗಿತು. ಒಂದಾದ ಮೇಲೊಂದು ಒಂಬತ್ತು ಕಿಟ್‌ಗಳು ಅದನ್ನು ತಿರುಗಿಸಿದವು. ಉಳಿದೆರಡನ್ನು, ಆಡಿದ ಮಾತಿನಂತೆ, ತಾವೇ ಹೊತ್ತು ಗುಜರಿಗೆ ಹಾಕಿ ಬಂದರು.

ಅರವತ್ತು ಮಕ್ಕಳೂ ಪರೀಕ್ಷೆ ಬರೆದರು. ಶಿವಶಂಕರಪ್ಪನವರು ಪಟ್ಟಿ ಹಿಂದಕ್ಕೆ ಪಡೆದರು, ಮೆಮೊ ಪಡೆಯಲಿಲ್ಲ. ಅದೀಗ ಸಂಕೇತಗಳ ನೋಟ್‌ಬುಕ್ಕಿಗೆ ಹೊದಿಕೆಯಾಗಿದೆ. "ಕಾಗದ ಗಟ್ಟಿಯಾಗಿತ್ತು, ಬೈಂಡ್ ಹಾಕ್ದೆ" ಎನ್ನುತ್ತಾರೆ, ನಗದೆ.

ಆಸೆಯೇನು ಎಂದು ಕೇಳಿದರೆ ರಿಜಿಸ್ಟರ್ ತೆಗೆದು ತೋರಿಸುತ್ತಾರೆ. ಒಂಬತ್ತು ಕಿಟ್‌ಗಳ ಎದುರು 'ರಿಪೇರಿ ಮಾಡಿದವರು' ಎಂಬ ಕಾಲಂ ಖಾಲಿ ಇದೆ.

"ಅಲ್ಲಿ ನನ್ನ ಹೆಸರು ಶಿವಶಂಕರಪ್ಪ ಸಾರೇ ಬರೀಬೇಕು. ಬರೆಯೋ ತನಕ ಕೀ ಇಲ್ಲೇ ಇರುತ್ತೆ" ಎಂದು ಸೆರಗಿನ ಗಂಟು ಮುಟ್ಟಿಕೊಳ್ಳುತ್ತಾರೆ. "ಅವ್ರು ರಿಟೈರಾಗೋಕೆ ಇನ್ನು ನಾಲ್ಕು ವರ್ಷ. ನನಗೆ ಹತ್ತೊಂಬತ್ತು."