ಪೆಂಡಾಲಿನ ಕುಣಿಗಳು

ಮುರುಮ ಊರಿನವರಿಗೆ, ಓಟದಲ್ಲಿ ಗೆದ್ದು ಬಂದ ತಮ್ಮ ಹುಡುಗ ಹುಡುಗಿಯರ ಸತ್ಕಾರ ಮಾಡುವ ಹುಮ್ಮಸ್ಸು ಬಹಳ. ಆ ಹುಡುಗರು ಓಡಲು ಇರುವ ಮೈದಾನ ಮಾತ್ರ ಒಂದೇ. ಸತ್ಕಾರದ ಪೆಂಡಾಲೂ ಅಲ್ಲೇ ಏಳಬೇಕು. ಅದನ್ನು ಹಾಕುವವನು ಮಾಣಿಕಪ್ಪ.

ಅವನ ಮಗಳು ಸೀಮಾ ಜಿಲ್ಲೆಯ ಓಟದಲ್ಲಿ ಗೆದ್ದ ವರ್ಷ, ಊರು ಅವಳ ತಲೆಗೆ ಫೇಟಾ ಸುತ್ತಿ ಶಾಲು ಹೊದಿಸಿತು. ಅಂದು ಕಂಬಗಳನ್ನು ಕಿತ್ತ ಮಾಣಿಕಪ್ಪ, ಪೇಢೆ ಹಂಚುವ ಸಂಭ್ರಮದಲ್ಲಿ ಕುಣಿ ಮುಚ್ಚುವುದನ್ನು ನಾಳೆಗೆ ಬಿಟ್ಟ. ಮರುದಿನ ನಸುಕಿನಲ್ಲಿ ಓಡಲು ಹೋದ ಸೀಮಾಳ ಕಾಲು ಅಂಥದೊಂದು ಕುಣಿಗೆ ಸಿಕ್ಕು ಮುರಿಯಿತು. ಎಲುಬೇನೋ ಕೂಡಿತು, ಕುಂಟು ಉಳಿಯಿತು.

ಊರು ಅವಳನ್ನು ಮರೆತಿಲ್ಲ. ಪ್ರತಿ ವರ್ಷ ವೇದಿಕೆಗೆ ಕರೆದು, ಗೆದ್ದವರಿಗೆ ಅವಳ ಕೈಯಿಂದಲೇ ಹಾರ ಹಾಕಿಸುತ್ತಾರೆ. ಅವಳು ಕುಂಟುತ್ತ ಮೆಟ್ಟಿಲು ಹತ್ತುವಾಗ ಜೋರಾಗಿ ಚಪ್ಪಾಳೆ ಬೀಳುತ್ತದೆ. ಮಾಣಿಕಪ್ಪ ಪರದೆಯ ಹಿಂದೆ ಹಗ್ಗ ಹಿಡಿದು ನಿಂತಿರುತ್ತಾನೆ.

ಈ ವರ್ಷವೂ ಜನ ಚದುರಿದ ಮೇಲೆ ಅವನು ಬುಟ್ಟಿಯಲ್ಲಿ ಮಣ್ಣು ತಂದು, ಕುಣಿಗಳನ್ನು ಒಂದೊಂದಾಗಿ ಮುಚ್ಚಿ ಹಿಮ್ಮಡಿಯಿಂದ ತುಳಿದ.

"ಎಲ್ಲಾ ಕುಣಿ ಮುಚ್ಚಿದಿ, ನಡಿಯಪ್ಪಾ," ಎಂದಳು ಸೀಮಾ. "ಇನ್ನ ಇಲ್ಲಿ ಓಡಾಕಿ ನಾ ಅಲ್ಲ."

"ಗೊತ್ತದವ್ವಾ," ಎನ್ನುತ್ತ ಮಾಣಿಕಪ್ಪ, ಮುಚ್ಚಿದ ಕುಣಿಯನ್ನೇ ಮತ್ತೆ ತುಳಿದ.