ಅಂಗಳದಲ್ಲಿ ನಿಂತು ಕೊಟ್ಟ ಕರೆ

ನನ್ನ ಮದುವೆಯಾದ ಮರುವರ್ಷ, ೧೯೫೭ರ ಮಾತಿದು. ನನ್ನ ತವರು ಮೂಡುಬಿದಿರೆಯ ಹತ್ತಿರ. ಕೊಟ್ಟದ್ದು ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಒಳಗಿರುವ ಒಂದು ಊರಿಗೆ. ಮಾವ ನಮ್ಮ ಬದಿಯ ಕ್ರೈಸ್ತ ಮನೆಗಳಿಗೆ ಗುರ್ಕಾರರಾಗಿದ್ದರು. ಗುರ್ಕಾರ ಎಂದರೆ ಚರ್ಚಿನ ಪರವಾಗಿ ಮನೆಮನೆಯ ಕಷ್ಟಸುಖ ನೋಡುವ ಹಿರಿಯ. ಮದುವೆಗೆ, ಮರಣಕ್ಕೆ, ಜಗಳಕ್ಕೆ ಎಲ್ಲದಕ್ಕೂ ಅವರೇ ಬೇಕು. ಮಾವ ಬಹಳ ನೇರ ಮನುಷ್ಯ. ದನ ಮಾರುವಾಗ ಅದರ ಐಬನ್ನು ಮೊದಲು ಹೇಳಿ, ಬಂದ ಗಿರಾಕಿಯನ್ನು ಓಡಿಸಿಬಿಡುತ್ತಿದ್ದರು. ಅತ್ತೆ ಇದಕ್ಕಾಗಿ ಅವರನ್ನು ಬೈಯದ ದಿನವಿಲ್ಲ.

ಆ ವರ್ಷ ಈಸ್ಟರಿನ ಮುಂಚಿನ ಉಪವಾಸದ ಕಾಲದಲ್ಲಿ ನಮ್ಮ ಚರ್ಚಿನಲ್ಲಿ ಮಿಸಾಂವ್ ಇತ್ತು. ಮಂಗಳೂರಿನಿಂದ ಪಾದ್ರಿಗಳು ಬಂದು ವಾರವಿಡೀ ವಿಶೇಷ ಪ್ರವಚನ ಮಾಡುತ್ತಾರೆ. ಒಂದು ದಿನ ಮರಣದ ಬಗ್ಗೆ, ಒಂದು ದಿನ ತೀರ್ಪಿನ ಬಗ್ಗೆ, ಒಂದು ದಿನ ನರಕದ ಬಗ್ಗೆ. ಕೊನೆಗೆ ಎಲ್ಲರೂ ಪಾದ್ರಿಗಳ ಕಿವಿಯಲ್ಲಿ ಪಾಪನಿವೇದನೆ ಮಾಡಿ, ಕ್ಷಮೆ ಸಿಕ್ಕಿದ ಮೇಲೆ ಪರಮಪ್ರಸಾದ ತೆಗೆದುಕೊಳ್ಳಬೇಕು. ಪ್ರವಚನಕ್ಕೆ ಜನ ಸೇರಿಸುವುದು ಗುರ್ಕಾರರ ಕೆಲಸ. ನಮ್ಮ ಬದಿಯಿಂದ ಒಬ್ಬರೂ ತಪ್ಪಬಾರದೆಂದು ಮಾವ ಹರಕೆ ಹೊತ್ತರು. ಎಲ್ಲ ಮನೆಗೂ ಹೇಳಿ ಮುಗಿಯುವ ತನಕ ತೊಟ್ಟು ನೀರನ್ನೂ ಬಾಯಿಗೆ ಹಾಕುವುದಿಲ್ಲ ಎಂದರು. ಹೆಂಗಸರೊಡನೆ ಮಾತಾಡಲು ಒಬ್ಬ ಹೆಂಗಸಿರಲಿ ಎಂದು ನನ್ನನ್ನು ಕರೆದುಕೊಂಡು ಹೊರಟರು.

ಬೆಳಿಗ್ಗೆಯಿಂದ ಬಿಸಿಲಿನಲ್ಲಿ ಗುಡ್ಡ ಹತ್ತಿ ಇಳಿದೆವು. ಹೋದ ಮನೆಯಲ್ಲೆಲ್ಲ ಬೆಲ್ಲ ನೀರು ತಂದಿಡುತ್ತಿದ್ದರು. ನಾನು ಕುಡಿಯುತ್ತಿದ್ದೆ, ಮಾವ ನಗುತ್ತಾ ಹರಕೆಯ ವಿಷಯ ಹೇಳುತ್ತಿದ್ದರು. ಯಾವಾಗಲೂ ಕುಡಿದಿರುವ ಒಬ್ಬನ ಮನೆಯಲ್ಲಂತೂ, "ನೀನು ಬರದಿದ್ರೆ ನಾನು ಇಲ್ಲೇ ಬಾಯಾರಿ ಸಾಯ್ತೇನೆ, ನೋಡು" ಎಂದು ಹೆದರಿಸಿ ಅವನಿಂದ ಹೂಂ ಅನ್ನಿಸಿದರು.

ಕಡೆಯ ಮನೆ ತೋಡಿನ ಆಚೆ ಇದ್ದ ಸಿಸಿಲಿಯದು. ಅವಳಿಗೆ ನನ್ನದೇ ಪ್ರಾಯ, ತುಂಬಿದ ಗರ್ಭಿಣಿ. ಗಂಡ ಪೆದ್ರು ಮಾಣಿ ಎಂಬ ಊರಿನ ಹತ್ತಿರ ಮುರಕಲ್ಲು ಕಡಿಯುವ ಕೋರೆಯಲ್ಲಿ ಕೆಲಸ ಮಾಡುತ್ತಿದ್ದಾಗ ಕಲ್ಲು ಜಾರಿ ಮೈಮೇಲೆ ಬಿದ್ದು ಮಂಗಳೂರಿನ ಆಸ್ಪತ್ರೆ ಸೇರಿದ್ದ. ಮಾವ ಆ ವಾರವಷ್ಟೇ ನೋಡಿ ಬಂದಿದ್ದರು. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು.

ನಾವು ಅಂಗಳಕ್ಕೆ ಬಂದದ್ದನ್ನು ಕಂಡು ಸಿಸಿಲಿ ಒಳಗೆ ಹೋಗಿ ಚೆಂಬು ಮತ್ತು ಬೆಲ್ಲದ ತಟ್ಟೆ ಹಿಡಿದು ಬಂದಳು. ಮಾವನ ನಾಲಿಗೆ ಅಷ್ಟು ಹೊತ್ತಿಗೆ ಒಣಗಿ ಹೋಗಿತ್ತು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, "ಬೇಡ ಸಿಸಿಲಿ, ನೀರು ಬೇಡ. ಕೂರುವುದಕ್ಕೆ ಬಂದದ್ದಲ್ಲ" ಎಂದರು. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳು ಜಗಲಿಯ ಮೆಟ್ಟಲಿನ ಮೇಲೆಯೇ ನಿಂತು, "ಯಾವಾಗ?" ಎಂದಳು.

"ಇವತ್ತೇ. ಸಂಜೆ ನಾಲ್ಕು ಗಂಟೆಗೆ. ಮಂಗಳೂರಿಂದ ಬಂದು ಆಯ್ತು."

"ಇವತ್ತೇಯಾ?"

"ಹೌದು. ಇವತ್ತು ಮರಣದ್ದು. ನಿನಗೆ ನಡೆಯುವುದು ಕಷ್ಟ ಅಂತ ಗೊತ್ತುಂಟು. ಆದ್ರೂ ಬರಬೇಕು, ನಾಲ್ಕು ಜನ ಹಿಡಿದುಕೊಂಡು ಹೋಗುವ."

ಚೆಂಬು ಅವಳ ಕೈಯಿಂದ ಜಾರಿತು. ಅವಳು ಜಗಲಿಯ ಮೆಟ್ಟಲಿನಿಂದ ಹೊಟ್ಟೆ ಅಡಿಯಾಗಿ ಅಂಗಳಕ್ಕೆ ಬಿದ್ದಳು.

ನನಗೆ ಏನೂ ಅರ್ಥವಾಗಲಿಲ್ಲ. ಆದರೆ ಮಾವನ ಮುಖ ಬಿಳಿಚಿಕೊಂಡಿತು. ಆ ಊರಿನಲ್ಲಿ ಮರಣದ ಸುದ್ದಿ ತರುವವನು ಅಂಗಳ ದಾಟುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ನನ್ನ ತವರಿನಲ್ಲಿ ಈ ಕ್ರಮ ಇರಲಿಲ್ಲ. ಸುದ್ದಿ ತರುವವರೂ ಗುರ್ಕಾರರೇ. ಹೊಟ್ಟೆ ಭಾರವೆಂದು ಸಿಸಿಲಿ ಕೆಲವು ಭಾನುವಾರಗಳಿಂದ ಚರ್ಚಿಗೆ ಹೋಗಿರಲಿಲ್ಲ, ಮಿಸಾಂವ್ ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಪ್ರವಚನ ಎಂಬ ಮಾತು ಮಾವನ ಬಾಯಿಂದ ಬಂದಿರಲೂ ಇಲ್ಲ.

ಅವಳನ್ನು ಎತ್ತಿ ಒಳಗೆ ಮಲಗಿಸಿದೆವು. ಮಾವ ಪ್ರವಚನದ ವಿಷಯ ಹೇಳಿದರು, ಪೆದ್ರು ಗಂಜಿ ಕುಡಿಯುವುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದರು. ಅವಳು ಕಣ್ಣು ಮುಚ್ಚಿಕೊಂಡೇ, "ಎಲ್ಲರೂ ಮೊದಲು ಹೀಗೆಯೇ ಹೇಳುವುದು" ಎಂದಳು. ಆಗ ಮಾವ ಅಡಿಗೆ ಮನೆಗೆ ಹೋಗಿ ಮಡಕೆಯಿಂದ ನೀರು ಮೊಗೆದು ತಂದು, ಅವಳೆದುರು ನಿಂತು ಗಟಗಟ ಕುಡಿದರು. ನೀರು ಎದೆಯ ಮೇಲೆಲ್ಲ ಚೆಲ್ಲಿತು. "ನೋಡು ಮಗಾ, ಕುಡಿದೆ. ಈಗಲಾದ್ರೂ ನಂಬು" ಎಂದರು. ಅವಳು ನೋಡಲೂ ಇಲ್ಲ. ಅಷ್ಟರಲ್ಲಿ ಅವಳಿಗೆ ನೋವು ಶುರುವಾಗಿತ್ತು.

ನೆರೆಮನೆಯ ದುಲ್ಸಿನ್ ಬಾಯಿ ಹೆರಿಗೆ ಮಾಡಿಸುವವಳು. ಅವಳು ಓಡಿ ಬಂದಳು. ಪೆದ್ರುವಿನ ಕೈಯಿಂದಲೇ ಏನಾದರೂ ಗುರುತು ತರಲೆಂದು ಅವಳ ಮಗ ಬಿ.ಸಿ.ರೋಡಿಗೆ ನಡೆದು ಮಂಗಳೂರಿನ ಬಸ್ಸು ಹಿಡಿದ. ಚರ್ಚಿನ ಗಂಟೆ ಹೊಡೆದು ಜನ ಪ್ರವಚನಕ್ಕೆ ಸೇರುವ ಹೊತ್ತಿಗೆ ಇಲ್ಲಿ ಮಗು ಹುಟ್ಟಿತು. ಹೆಣ್ಣು. ದುಲ್ಸಿನ್ ಬಾಯಿ ಅದನ್ನು ಅಡಿಗೆ ಮನೆಗೆ ಒಯ್ದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ನಾನು ಪಕ್ಕದಲ್ಲೇ ಇದ್ದೆ. ಮಗು ಒಮ್ಮೆಯೂ ಉಸಿರಾಡಲಿಲ್ಲ.

ಆಗಿನ ಕಾಲದ ಕಟ್ಟಳೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಜ್ಞಾನಸ್ನಾನವಾಗದ ಮಗುವಿಗೆ ಸ್ವರ್ಗವಿಲ್ಲ, ಚರ್ಚಿನ ಸ್ಮಶಾನದಲ್ಲಿ ಜಾಗವಿಲ್ಲ. ಗೋಡೆಯ ಹೊರಗೆ, ಮುಳ್ಳಿನ ಬದಿಯಲ್ಲಿ ಹುಗಿಯಬೇಕು. ಉಸಿರಿದ್ದರೆ ಯಾರು ಬೇಕಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು, ಉಸಿರಿಲ್ಲದಿದ್ದರೆ ಇಲ್ಲ.

ಮಾವ ಅಡಿಗೆ ಮನೆಯ ಬಾಗಿಲ ಹೊರಗಿಂದ, "ಉಸಿರು ಇತ್ತಾ?" ಎಂದು ಕೇಳಿದರು.

"ಇಲ್ಲ" ಎಂದು ಪಿಸುಗುಟ್ಟಿದಳು ದುಲ್ಸಿನ್ ಬಾಯಿ.

ಮಲಗಿದ್ದ ಕೋಣೆಯಿಂದ ಸಿಸಿಲಿ, "ನನ್ನ ಮಗುವನ್ನು ಹೊರಗೆ ಹಾಕ್ತಾರಾ?" ಎಂದು ಕೇಳಿದಳು. ಗಂಡನ ಬಗ್ಗೆ ಕೇಳಲಿಲ್ಲ. ಅವನು ಸತ್ತನೆಂದೇ ಅವಳು ತೀರ್ಮಾನಿಸಿಯಾಗಿತ್ತು.

ಮಾವ ಅವಳ ಹತ್ತಿರ ಹೋದರು. "ಯಾರು ಹೇಳಿದ್ದು? ನಾನು ನೀರು ಹಾಕಿದ್ದೇನೆ. ಲೂಸಿ ಅಂತ ಹೆಸರಿಟ್ಟಿದ್ದೇನೆ. ಅಷ್ಟು ಹೊತ್ತು ಉಸಿರು ಇತ್ತು" ಎಂದರು. ದುಲ್ಸಿನ್ ಬಾಯಿ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆಮೇಲೆ ಅವಳು ಮಗುವನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು.

ಮರುದಿನ ಬೆಳಿಗ್ಗೆ ಮಾವ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಚರ್ಚಿಗೆ ನಡೆದರು, ನಾನೂ ಹಿಂದೆ ಹೋದೆ. ನಮ್ಮ ಚರ್ಚಿನ ಮುಖ್ಯಸ್ಥರಾದ ವಿಗಾರ ಪಾದ್ರಿಗಳು ಅದನ್ನೇ ಕೇಳಿದರು. "ಉಸಿರು ಇತ್ತು ಫಾದರ್. ನನ್ನ ಕೈಯಿಂದಲೇ ಜ್ಞಾನಸ್ನಾನ ಕೊಟ್ಟೆ" ಎಂದರು ಮಾವ. ಗುರ್ಕಾರರ ಮಾತು, ಪಾದ್ರಿಗಳು ಮತ್ತೆ ಕೇಳಲಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಲೂಸಿಯನ್ನು ಗೋಡೆಯ ಒಳಗೆ ಹುಗಿದರು.

ಮಧ್ಯಾಹ್ನ ದುಲ್ಸಿನ್ ಬಾಯಿಯ ಮಗ ಪೆದ್ರುವಿನ ಕೊರಳಿನ ಜಪಮಾಲೆ ತಂದು ಸಿಸಿಲಿಯ ಕೈಯಲ್ಲಿಟ್ಟ. ಅವಳು ಅಳಲಿಲ್ಲ, ನಗಲೂ ಇಲ್ಲ. ಪೆದ್ರು ಕುಂಟುಗಾಲಿನಲ್ಲಿ ಮನೆಗೆ ಬಂದ ಮೇಲೂ ಅವಳು ರಾತ್ರಿ ಎದ್ದು ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳಂತೆ. ಅವನೇ ಹೇಳಿದ್ದು.

ಮಿಸಾಂವಿನ ಕೊನೆಯ ದಿನ ನಮ್ಮ ಬದಿಯವರೆಲ್ಲ ಬಂದಿದ್ದರು. ಆ ಕುಡುಕ ಕೂಡ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಎಲ್ಲರೂ ಪರಮಪ್ರಸಾದಕ್ಕೆ ಎದ್ದರು. ಮಾವ ಮೊದಲ ಬೆಂಚಿನಲ್ಲಿ ಮೊಣಕಾಲು ಮಡಚಿ ಇತರರಿಗೆ ದಾರಿ ಬಿಟ್ಟು ಕೂತೇ ಇದ್ದರು. ಪಾಪನಿವೇದನೆಯ ಸಾಲಿನಲ್ಲೂ ಅವರು ನಿಂತಿರಲಿಲ್ಲ. ಇಡೀ ಚರ್ಚು ನೋಡಿತು.

ಮನೆಗೆ ಬರುವ ದಾರಿಯಲ್ಲಿ ನಾನು ಧೈರ್ಯ ಮಾಡಿ ಕೇಳಿದೆ. ಮಾವ ನಿಂತರು. "ಮಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟರೆ ಮಾತ್ರ ಪಾಪನಿವೇದನೆ ಆಗುವುದು ಮಗಾ. ಸಿಸಿಲಿಯ ಅಂಗಳದಲ್ಲಿ ನಿಂತದ್ದಕ್ಕೆ ನನಗೆ ಪಶ್ಚಾತ್ತಾಪ ಉಂಟು, ಸಾಯುವ ತನಕ ಇರ್ತದೆ. ಆದರೆ ಆ ಸುಳ್ಳಿಗೆ ಇಲ್ಲ. ದೇವರ ಹತ್ರ ಇನ್ನೊಂದು ಸುಳ್ಳು ಹೇಳುವುದು ಹೇಗೆ?" ಎಂದರು.

ಆಮೇಲೂ ಅವರು ಗುರ್ಕಾರರಾಗಿಯೇ ಇದ್ದರು, ಎಲ್ಲರನ್ನೂ ಚರ್ಚಿಗೆ ಎಬ್ಬಿಸಿ ಕಳಿಸುತ್ತಿದ್ದರು. ತಾವು ಮಾತ್ರ ಪರಮಪ್ರಸಾದ ತೆಗೆದುಕೊಳ್ಳಲಿಲ್ಲ. ಜನ ಏನೇನೋ ಆಡಿಕೊಂಡರು. ಅತ್ತೆ ಅತ್ತು ಕೇಳಿದರೂ ಕಾರಣ ಹೇಳಲಿಲ್ಲ. ೧೯೬೫ರಲ್ಲಿ ಅವರು ಹಾಸಿಗೆ ಹಿಡಿದು ಕೊನೆಯ ಗಳಿಗೆ ಬಂದಾಗ ವಿಗಾರರು ಬಂದು ಪಾಪನಿವೇದನೆ ಕೇಳಲು ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಮಾವ ಏನು ಹೇಳಿದರೋ ಗೊತ್ತಿಲ್ಲ. ಹೇಳಿಬಿಟ್ಟಿದ್ದರೆ ಅವರಿಗೆ ಒಳ್ಳೆಯದು. ಆದರೆ ಬಾಗಿಲ ಹೊರಗೆ ಮೊಣಕಾಲೂರಿ, ಹೇಳದೇ ಇರಲಿ ಎಂದೇ ನಾನು ಪ್ರಾರ್ಥಿಸಿದೆ. ಅವರು ಪಶ್ಚಾತ್ತಾಪ ಪಟ್ಟರೆ ಲೂಸಿ ಪುನಃ ಗೋಡೆಯ ಹೊರಗೆ ಹೋಗುತ್ತಾಳೆ ಎಂದು ನನಗೆ ಅನ್ನಿಸಿತು. ಈಗಲೂ ಹಾಗೆಯೇ ಅನ್ನಿಸುತ್ತದೆ.